ನಾಯಿಯ ಅಂಜಿಕೆ ಮತ್ತು ಸಕ್ಕರೆ ಗುಳಿಗೆ

ನೀರು ತುಂಬುವ ಹಬ್ಬದ ಸಂಜೆ. ಮುಂಬಯಿಯ ಉಪನಗರವೊಂದರ ನಾಲ್ಕನೆಯ ಅಂತಸ್ತಿನ ಮನೆ. ಹಂಡೆಯಿಲ್ಲದಿದ್ದರೂ ಶಾಸ್ತ್ರ ಬಿಡಬಾರದೆಂದು ಮನೆಯೊಡತಿ ಸ್ಟೀಲಿನ ಕೊಳಗಕ್ಕೇ ಅರಿಶಿನ ಕುಂಕುಮವಿಟ್ಟು ನೀರು ತುಂಬಿಸಿದ್ದಾರೆ. ಕೆಳಗಿನ ಅಂಗಳದಲ್ಲಿ ಹುಡುಗರು ಮೊದಲ ಸರಪಟಾಕಿಗೆ ಬೆಂಕಿ ಮುಟ್ಟಿಸುತ್ತಾರೆ. ಆ ಕ್ಷಣದಿಂದ ಮನೆಯ ನಾಯಿ ಕಣ್ಣಿಗೆ ಬೀಳುವುದಿಲ್ಲ. ಹುಡುಕಿ ನೋಡಿದರೆ ಅದು ಮಂಚದ ಕೆಳಗೆ, ಗೋಡೆಗೆ ಬೆನ್ನೊತ್ತಿ, ಬಾಲ ಮುದುರಿ, ಜೊಲ್ಲು ಸುರಿಸುತ್ತ ಏದುಸಿರು ಬಿಡುತ್ತಿದೆ. ಪ್ರಿಯವಾದ ತಿಂಡಿ ಚಾಚಿದರೆ ಮೂಸುವುದಿಲ್ಲ. ಎಳೆಯಹೋದ ಮಗನ ಕೈಗೆ, ಎಂದೂ ಕಚ್ಚದ ನಾಯಿ, ಹಲ್ಲು ತೋರಿಸುತ್ತದೆ. ಹಬ್ಬದ ನಾಲ್ಕು ದಿನವೂ ಇದೇ ಕಥೆ.

ಇಂಥ ಮನೆಗೆ ಸಲಹೆ ಕೊಡುವವರ ಕೊರತೆಯಿರುವುದಿಲ್ಲ. ಅವುಗಳಲ್ಲಿ ತೀರ ಸಾಮಾನ್ಯವಾದುದು ಹೋಮಿಯೋಪತಿ. ಸಿಹಿಯಾದ ಗುಳಿಗೆ, ನಾಯಿ ತಾನಾಗಿಯೇ ನೆಕ್ಕುತ್ತದೆ, ಬೆಲೆ ಅಗ್ಗ, ಅಡ್ಡ ಪರಿಣಾಮವಿಲ್ಲವೆಂಬ ಭರವಸೆ. ಇದರ ಜೊತೆಗೆ ಒಂದು ತರ್ಕವೂ ಕೇಳಿಬರುತ್ತದೆ: "ಮನುಷ್ಯನಿಗಾದರೆ ನಂಬಿಕೆಯಿಂದ ಗುಣವಾಯಿತೆನ್ನಬಹುದು. ನಾಯಿಗೆ ಯಾವ ನಂಬಿಕೆ? ಅದಕ್ಕೆ ಗುಣ ಕಂಡರೆ ಅದು ಔಷಧದ ಗುಣವೇ ಸರಿ." ಮೇಲುನೋಟಕ್ಕೆ ಈ ಮಾತಿಗೆ ಉತ್ತರವಿಲ್ಲವೆನಿಸುತ್ತದೆ. ಆದರೆ ಉತ್ತರವಿದೆ. ಅದನ್ನು ಅರಿಯುವ ಮೊದಲು ಈ ಚಿಕಿತ್ಸೆ ನಾಯಿಯ ಬಳಿಗೆ ಬಂದ ದಾರಿಯನ್ನು ಸ್ವಲ್ಪ ನೋಡಬೇಕು.

ಹೋಮಿಯೋಪತಿಯ ಮೂಲಪುರುಷ ಸಾಮ್ಯುಯೆಲ್ ಹಾನಿಮನ್ 1755ರಲ್ಲಿ ಜರ್ಮನಿಯ ಮೈಸೆನ್ ಪಟ್ಟಣದಲ್ಲಿ ಜನಿಸಿದ ವೈದ್ಯ. ರಕ್ತ ಹೊರಹರಿಸುವುದು, ಪಾದರಸ ತಿನ್ನಿಸುವುದು ಮೊದಲಾದ ಅಂದಿನ ಉಗ್ರ ಚಿಕಿತ್ಸೆಗಳಿಂದ ಬೇಸತ್ತಿದ್ದ ಆತ, 1790ರಲ್ಲಿ ಕಲೆನ್ ಎಂಬಾತನ ಔಷಧಗ್ರಂಥವನ್ನು ಅನುವಾದಿಸುತ್ತಿದ್ದಾಗ ಸಿಂಕೋನಾ ತೊಗಟೆಯನ್ನು ತಾನೇ ಸೇವಿಸಿ, ಚಳಿಜ್ವರವನ್ನು ಹೋಲುವ ಲಕ್ಷಣಗಳನ್ನು ತನ್ನಲ್ಲಿ ಕಂಡನು. ಆರೋಗ್ಯವಂತನಲ್ಲಿ ಯಾವ ಲಕ್ಷಣಗಳನ್ನು ಒಂದು ವಸ್ತು ಹುಟ್ಟಿಸುತ್ತದೆಯೋ, ಅಂಥವೇ ಲಕ್ಷಣಗಳುಳ್ಳ ರೋಗಿಯನ್ನು ಅದೇ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಗುಣಪಡಿಸುತ್ತದೆ ಎಂಬ ತತ್ತ್ವವು ಅಲ್ಲಿಂದ ಬೆಳೆದು, 1810ರಲ್ಲಿ ಆತನ 'ಆರ್ಗನಾನ್' ಗ್ರಂಥದಲ್ಲಿ ಶಾಸ್ತ್ರದ ರೂಪ ತಳೆಯಿತು. ಇದನ್ನು ಪ್ರಾಣಿಗಳಿಗೆ ವಿಸ್ತರಿಸಿದವನು ಲೈಪ್ಸಿಗ್ ನಗರದ ಪಶುವೈದ್ಯ ವಿಲ್ಹೆಲ್ಮ್ ಲಕ್ಸ್. 1830ರ ದಶಕದಲ್ಲಿ ಆತ ಈ ವಿಷಯವಾಗಿ ಪುಸ್ತಕಗಳನ್ನೇ ಹೊರತಂದನು.

ಭಾರತದಲ್ಲಿ ಈ ಪದ್ಧತಿ ಬೇರುಬಿಟ್ಟದ್ದು ಮುಖ್ಯವಾಗಿ ಬಂಗಾಳದಲ್ಲಿ. ಕಲ್ಕತ್ತೆಯ ಹೆಸರಾಂತ ಅಲೋಪತಿ ವೈದ್ಯ ಮಹೇಂದ್ರಲಾಲ ಸರ್ಕಾರರು 1867ರಲ್ಲಿ ಬಹಿರಂಗವಾಗಿ ಇದರ ಪಕ್ಷ ವಹಿಸಿದಾಗ ದೊಡ್ಡ ಕೋಲಾಹಲವಾಯಿತು. ಕನ್ನಡನಾಡಿಗೆ ಇದನ್ನು ಬಳಕೆಗೆ ತಂದವರಲ್ಲಿ ಪ್ರಮುಖರು ಪಾದ್ರಿ ಅಗಸ್ಟಸ್ ಮುಲ್ಲರರು. 1880ರಲ್ಲಿ ಅವರು ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ತೆರೆದ ಪುಟ್ಟ ಔಷಧಾಲಯವೇ ಮುಂದೆ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಕರಾವಳಿಯಿಂದ ಮುಂಬಯಿಗೆ ಬಂದ ಅನೇಕ ಕುಟುಂಬಗಳ ಕಪಾಟಿನಲ್ಲಿ ಇಂದಿಗೂ ಒಂದು ಗುಳಿಗೆಯ ಪೆಟ್ಟಿಗೆ ಇರುವುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣ. 1973ರ ಕೇಂದ್ರ ಶಾಸನದಿಂದ ಪದ್ಧತಿಗೆ ಸರಕಾರದ ಮನ್ನಣೆಯೂ ದೊರೆಯಿತು. ಮನೆಮಂದಿಗೆಲ್ಲ ಒಗ್ಗಿದ ಮದ್ದು ಮನೆಯ ನಾಯಿಗೂ ದಾಟಿದ್ದರಲ್ಲಿ ಸೋಜಿಗವೇನಿಲ್ಲ.

ನಾಯಿಯ ವರ್ತನೆಯ ದೋಷಕ್ಕೆ ಹೋಮಿಯೋಪತಿ ವೈದ್ಯರು ಔಷಧವನ್ನು ಆರಿಸುವ ಬಗೆ ಸ್ವಾರಸ್ಯಕರವಾಗಿದೆ. ಅವರು ರೋಗದ ಹೆಸರನ್ನು ಕೇಳುವುದಿಲ್ಲ. ನಾಯಿಯ ಸ್ವಭಾವವನ್ನು ಕೇಳುತ್ತಾರೆ. ಭಯ ಒಮ್ಮಿಂದೊಮ್ಮೆಗೆ ಬಂದುದೆ, ಮೆಲ್ಲಗೆ ಬೆಳೆದುದೆ? ಗುಡುಗಿಗೆ ಮಾತ್ರವೆ, ಸಕಲ ಸದ್ದಿಗೂ ಉಂಟೆ? ಒಡೆಯನ ಕಾಲ ಬಳಿ ಬಂದು ಕೂರುತ್ತದೆಯೆ, ಏಕಾಂತ ಹುಡುಕುತ್ತದೆಯೆ? ಉತ್ತರಕ್ಕೆ ತಕ್ಕಂತೆ ಔಷಧ. ಹಠಾತ್ತನೆ ಬೆಚ್ಚಿಬಿದ್ದ ನಾಯಿಗೆ ವತ್ಸನಾಭಿಯ ಜಾತಿಗೆ ಸೇರಿದ ಅಕೋನೈಟ್. ಗುಡುಗಿಗೆ ಅಂಜಿ ಜನರ ಆಸರೆ ಬಯಸುವುದಕ್ಕೆ ಫಾಸ್ಫರಸ್. ಚಿಕ್ಕ ಸದ್ದಿಗೂ ಬೆದರಿ, ಮೆಟ್ಟಿಲಿಳಿಯಲೂ ಹೆದರುವುದಕ್ಕೆ ಬೋರಾಕ್ಸ್. ಜೊತೆಗಾರನನ್ನು ಕಳೆದುಕೊಂಡು ಮಂಕಾದುದಕ್ಕೆ ಇಗ್ನೇಷಿಯಾ. ಮನೆಯವರ ಸೆರಗು ಬಿಡದ ಮೃದು ಸ್ವಭಾವದ್ದಕ್ಕೆ ಪಲ್ಸಟಿಲ್ಲಾ. ಕತ್ತಲೆಗೆ ಬೆದರಿ ಉಗ್ರವಾಗುವುದಕ್ಕೆ ನಮ್ಮ ದತ್ತೂರದ ಬಳಗದ ಸ್ಟ್ರಮೋನಿಯಂ. ಸಿಡುಕಿನ ನಾಯಿಗೆ ಹೇಳುವ ನಕ್ಸ್‌ವೋಮಿಕಾ ನಮ್ಮ ಕಾಡುಗಳ ಕಾಸರಕದ ಬೀಜ. ಅದೇ ಬೀಜದಲ್ಲಿರುವ ಸ್ಟ್ರಿಕ್ನಿನ್ ವಿಷದಿಂದಲೇ ಬೀದಿನಾಯಿಗಳನ್ನು ಕೊಲ್ಲುವ ಪದ್ಧತಿಯಿತ್ತು. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಲ್ಲಿ ಆ ವಿಷವನ್ನು ಹೆಸರು ಹಿಡಿದೇ ನಿಷೇಧಿಸಬೇಕಾಯಿತು. ಒಂದೇ ಬೀಜ ಒಂದು ಕಡೆ ಮಾರಕ, ಇನ್ನೊಂದು ಕಡೆ ಸಿಡುಕಿನ ಮದ್ದು!

ಹಾಗಾದರೆ ಗುಳಿಗೆ ನಾಯಿಯನ್ನು ಕೊಲ್ಲುವುದಿಲ್ಲವೇಕೆ? ಅದಕ್ಕೆ ಕಾರಣ ಸಾರಗುಂದಿಸುವ ಕ್ರಮ. ಮೂಲ ಕಷಾಯದ ಒಂದು ಭಾಗವನ್ನು 99 ಭಾಗ ಮದ್ಯಸಾರ ಅಥವಾ ನೀರಿನಲ್ಲಿ ಬೆರೆಸಿ ಕುಲುಕಿದರೆ ಒಂದನೆಯ ಶತಾಂಶ ಶಕ್ತಿ. ಅದರಲ್ಲಿ ಒಂದು ಭಾಗ ತೆಗೆದು ಮತ್ತೆ 99 ಭಾಗದಲ್ಲಿ ಬೆರೆಸಿದರೆ ಎರಡನೆಯದು. ಹೀಗೆ 30 ಸಲ ಮಾಡಿದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ '30' ಎಂಬ ಗುರುತಿನ ಸೀಸೆ. ಲೆಕ್ಕ ಹಾಕಿದರೆ, ಮೂಲದ್ರವ್ಯದ ಒಂದು ಪಾಲು ಇರುವುದು 1ರ ಮುಂದೆ 60 ಸೊನ್ನೆಗಳನ್ನಿಟ್ಟಷ್ಟು ಪಾಲು ದ್ರವದಲ್ಲಿ. ರಸಾಯನಶಾಸ್ತ್ರ ಓದಿದವರಿಗೆ ಅವೊಗಾಡ್ರೋ ಸಂಖ್ಯೆ ನೆನಪಿರಬಹುದು. ಆ ಲೆಕ್ಕದಂತೆ 12ನೆಯ ಸಲದ ಹೊತ್ತಿಗೇ ಮೂಲದ್ರವ್ಯದ ಒಂದೇ ಒಂದು ಅಣುವೂ ಉಳಿಯುವ ಸಂಭವ ಕಡಿಮೆ. 30ರ ಹೊತ್ತಿಗೆ ಸೊನ್ನೆ ಎಂದೇ ಹೇಳಬಹುದು. ಉಳಿಯುವುದು ಸಕ್ಕರೆ. ಕುಲುಕುವಿಕೆಯಿಂದ ಔಷಧದ ಚೈತನ್ಯ ದ್ರವಕ್ಕೆ ಇಳಿಯುತ್ತದೆಂದು ಹೋಮಿಯೋಪತಿಯವರ ವಾದ. ಅಂಥ ಚೈತನ್ಯವನ್ನು ಅಳೆದು ತೋರಿಸಲು ಮಾತ್ರ ಇದುವರೆಗೆ ಸಾಧ್ಯವಾಗಿಲ್ಲ. ಆದರೆ ತಾಯಿದ್ರಾವಣ ಹಾಗೂ ಕೆಳಗಿನ ಶಕ್ತಿಗಳ ಮಾತು ಬೇರೆ. ಅವುಗಳಲ್ಲಿ ನಿಜವಾದ ದ್ರವ್ಯವಿರುತ್ತದೆ. ಅಕೋನೈಟ್, ಬೆಲ್ಲಡೋನಾಗಳ ತಾಯಿದ್ರಾವಣ ಐದಾರು ಕಿಲೋ ತೂಕದ ನಾಯಿಗೆ ಆಟದ ವಸ್ತುವಲ್ಲ.

ಇರಲಿ. ತತ್ತ್ವ ಅಸಂಭವವೆನಿಸಿದ ಮಾತ್ರಕ್ಕೆ ಪರಿಣಾಮವನ್ನು ನೋಡದೆಯೇ ತಳ್ಳಿಹಾಕುವುದು ನ್ಯಾಯವಲ್ಲ. ಪರೀಕ್ಷಿಸಿ ನೋಡಬೇಕು. ನೋಡಿದ್ದೂ ಆಗಿದೆ, ಅದೂ ಪಟಾಕಿಯ ಭಯಕ್ಕೇ.

ಇಂಗ್ಲೆಂಡಿನಲ್ಲಿ ನವೆಂಬರ್ 5ರ ಆಸುಪಾಸಿನಲ್ಲಿ ನಮ್ಮ ದೀಪಾವಳಿಯಂತೆಯೇ ಸಿಡಿಮದ್ದಿನ ಸಂಭ್ರಮ. ಅಲ್ಲಿನ ನಾಯಿಗಳಿಗೂ ಇಲ್ಲಿಯದೇ ಪಾಡು. ಅಲ್ಲಿಯ ಲಿಂಕನ್ ವಿಶ್ವವಿದ್ಯಾಲಯದ ಕ್ರಾಕ್‌ನೆಲ್ ಮತ್ತು ಮಿಲ್ಸ್ ಎಂಬ ಇಬ್ಬರು ಸಂಶೋಧಕರು ಸಿಡಿಮದ್ದಿಗೆ ಅಂಜುವ 75 ನಾಯಿಗಳನ್ನು ಆರಿಸಿಕೊಂಡು, ಎರಡು ಗುಂಪು ಮಾಡಿ, ಒಂದಕ್ಕೆ ಹೋಮಿಯೋಪತಿ ಔಷಧವನ್ನೂ ಇನ್ನೊಂದಕ್ಕೆ ನೋಡಲು ಅದರಂತೆಯೇ ಇದ್ದ ಹುಸಿ ಔಷಧವನ್ನೂ ಕೊಡಿಸಿದರು. ಯಾವ ನಾಯಿಗೆ ಯಾವುದು ಸಿಕ್ಕಿತೆಂಬುದು ಒಡೆಯರಿಗೂ ತಿಳಿಯದು, ಪರೀಕ್ಷಿಸುವವರಿಗೂ ತಿಳಿಯದು. ನಡುಕ, ಏದುಸಿರು, ಅಡಗುವಿಕೆ ಮೊದಲಾದ 15 ಭಯದ ಲಕ್ಷಣಗಳನ್ನು ಒಡೆಯರು ಅಂಕಗಳಿಂದ ಗುರುತಿಸಬೇಕಾಗಿತ್ತು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಔಷಧ ಪಡೆದ ನಾಯಿಗಳಲ್ಲಿ 15 ಲಕ್ಷಣಗಳೂ ಗಮನಾರ್ಹವಾಗಿ ತಗ್ಗಿದ್ದವು. ಇಷ್ಟರಲ್ಲೇ ನಿಲ್ಲಿಸಿದ್ದರೆ ಹೋಮಿಯೋಪತಿಗೆ ಜಯಭೇರಿ. ಆದರೆ ಹುಸಿ ಔಷಧ ಪಡೆದವುಗಳಲ್ಲಿಯೂ 15ರಲ್ಲಿ 14 ಲಕ್ಷಣಗಳು ಹಾಗೆಯೇ ತಗ್ಗಿದ್ದವು! ಒಟ್ಟು ಭಯದ ತೀವ್ರತೆಯೂ ಎರಡು ಗುಂಪಿನಲ್ಲಿ ಕಡಿಮೆಯಾಗಿತ್ತು. ಒಂದು ಗುಂಪಿಗೂ ಇನ್ನೊಂದಕ್ಕೂ ಎಣಿಸಬಹುದಾದ ಅಂತರವೇ ಇರಲಿಲ್ಲ.

ನಾಯಿಗೆ ನಂಬಿಕೆ ಇಲ್ಲ, ನಿಜ. ಆದರೆ ಅಂಕ ಕೊಟ್ಟವರು ನಾಯಿಗಳಲ್ಲ. ನಾಯಿಗೆ ಗುಣವಾಯಿತೆ ಎಂದು ಹೇಳಬೇಕಾದವನು ಔಷಧ ತಂದವನು, ಕೊಟ್ಟವನು, ಗುಣವಾಗಲೆಂದು ಹಾರೈಸಿದವನು. ನಂಬಿಕೆ ಕೆಲಸ ಮಾಡುವುದು ಅವನ ಕಣ್ಣಿನಲ್ಲಿ.

ಇದು ಹೋಮಿಯೋಪತಿಗೆ ಮಾತ್ರ ಅಂಟಿದ ದೋಷವೂ ಅಲ್ಲ. ಅಮೆರಿಕದಲ್ಲಿ ಸಂಧಿವಾತದಿಂದ ಕುಂಟುವ 58 ನಾಯಿಗಳಿಗೆ ಒಂದು ಪ್ರಯೋಗದ ಅಂಗವಾಗಿ ಹುಸಿ ಔಷಧ ಕೊಟ್ಟು, ಪ್ರತಿ ಹೆಜ್ಜೆಯ ಭಾರವನ್ನು ಯಂತ್ರದ ಹಲಗೆಯ ಮೇಲೆ ಅಳೆದರು. ಹಲಗೆ ಏನೂ ಸುಧಾರಣೆಯಿಲ್ಲವೆಂದ ಎಷ್ಟೋ ನಾಯಿಗಳು ಚೆನ್ನಾಗಿ ನಡೆಯುತ್ತಿವೆಯೆಂದು ಒಡೆಯರು ಹೇಳಿದರು. ಒಡೆಯರು ಹಾಗಿರಲಿ, ಪರೀಕ್ಷಿಸಿದ ಪಶುವೈದ್ಯರೂ ಹಾಗೆಯೇ ಮೋಸಹೋದರು. 2012ರಲ್ಲಿ ಪ್ರಕಟವಾದ ಈ ಲೇಖನ 'ಪಾಲಕರ ಪ್ಲಾಸಿಬೋ' ಎಂಬ ಮಾತನ್ನು ಪಶುವೈದ್ಯರ ನಡುವೆ ಚಲಾವಣೆಗೆ ತಂದಿತು. ಇನ್ನೊಂದು ಕಾರಣ ರೋಗದ ಏರಿಳಿತದ್ದು. ಅಪಸ್ಮಾರವಿರುವ 28 ನಾಯಿಗಳಿಗೆ ಹುಸಿ ಔಷಧವನ್ನೇ ಕೊಟ್ಟಾಗ 22 ನಾಯಿಗಳಲ್ಲಿ ಮೂರ್ಛೆಯ ಸಂಖ್ಯೆ ಇಳಿದುದು 2010ರ ಒಂದು ವರದಿಯಲ್ಲಿದೆ. ಕಾಯಿಲೆ ವಿಪರೀತವಾದಾಗಲೇ ಜನ ವೈದ್ಯರ ಮನೆಯ ಬಾಗಿಲು ತಟ್ಟುತ್ತಾರೆ. ವಿಪರೀತವಾದದ್ದು ಸಾಮಾನ್ಯವಾಗಿ ತಾನಾಗಿಯೂ ಇಳಿಯುತ್ತದೆ. ಕೀರ್ತಿ ಆ ಹೊತ್ತಿಗೆ ಕೊಟ್ಟ ಮದ್ದಿಗೆ ಸಲ್ಲುತ್ತದೆ. ಪಟಾಕಿಯ ವಿಷಯದಲ್ಲಂತೂ ಇದು ಇನ್ನೂ ಸುಲಭ. ನರಕ ಚತುರ್ದಶಿಯಂದು ಗುಳಿಗೆ ಆರಂಭಿಸಿದರೆ ತುಳಸಿ ಹಬ್ಬದ ಹೊತ್ತಿಗೆ ನಾಯಿ ಶಾಂತವಾಗಿಯೇ ಇರುತ್ತದೆ.

ಒಡೆಯನ ಕಣ್ಣು ಇಲ್ಲದ ಗುಣವನ್ನು ಕಾಣುವಂತೆಯೇ ಇರುವ ನೋವನ್ನು ಕಾಣದೆಯೂ ಹೋಗುತ್ತದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಿಮ್ಮ ನಾಯಿ ಸದ್ದಿಗೆ ಅಂಜುವುದೆ ಎಂದು ಕೇಳಿದಾಗ ಹೌದೆಂದವರು ಶೇಕಡಾ 25. ಸದ್ದಾದಾಗ ನಡುಗುತ್ತದೆಯೆ, ಅಡಗುತ್ತದೆಯೆ, ನಿಮ್ಮನ್ನು ಅರಸಿ ಬರುತ್ತದೆಯೆ ಎಂದು ಒಂದೊಂದೇ ಲಕ್ಷಣವನ್ನು ಬಿಡಿಸಿ ಕೇಳಿದಾಗ ಆ ಪ್ರಮಾಣ ಶೇಕಡಾ 49ಕ್ಕೆ ಏರಿತು. ಭಯವೋ ಬರಿಯ ಮನಸ್ಸಿನ ಮಾತಲ್ಲ. ಗುಡುಗಿಗೆ ಅಂಜುವ ನಾಯಿಗಳಿಗೆ ಗುಡುಗಿನ ಧ್ವನಿಮುದ್ರಣ ಕೇಳಿಸಿ ಜೊಲ್ಲನ್ನು ಪರೀಕ್ಷಿಸಿದಾಗ ಕಾರ್ಟಿಸೋಲ್ ಎಂಬ ಒತ್ತಡದ ರಸ ಶೇಕಡಾ 207ರಷ್ಟು ಏರಿದ್ದು, 40 ನಿಮಿಷ ಕಳೆದರೂ ಮೊದಲಿನ ಮಟ್ಟಕ್ಕೆ ಇಳಿಯದಿದ್ದುದು 2005ರ ಅಮೆರಿಕದ ಅಧ್ಯಯನವೊಂದರಲ್ಲಿ ದಾಖಲಾಗಿದೆ. ಮಂಚದ ಕೆಳಗೆ ಸದ್ದಿಲ್ಲದೆ ಮಲಗಿದ ನಾಯಿ ಗುಣವಾಯಿತೆಂದು ಭಾವಿಸುವ ಮೊದಲು ಈ ಅಂಕಿಯನ್ನು ನೆನೆಯುವುದು ಲೇಸು.

ಹೋಮಿಯೋಪತಿ ವೈದ್ಯರ ಆಕ್ಷೇಪ ಇಲ್ಲಿ ಕೇಳಿಬರುತ್ತದೆ: ಒಂದೊಂದು ನಾಯಿಗೂ ಅದರದೇ ಔಷಧ ಹುಡುಕಬೇಕು, ಪರೀಕ್ಷೆಗೆಂದು ಎಲ್ಲಕ್ಕೂ ಸಿದ್ಧೌಷಧ ಕೊಟ್ಟರೆ ಗುಣ ಕಾಣುವುದೆಂತು? ಅವರ ಶಾಸ್ತ್ರದ ಒಳಗೆ ನಿಂತು ನೋಡಿದರೆ ಮಾತು ಸರಿಯೇ. ಆದರೆ ಪಟಾಕಿ ಭಯಕ್ಕೆಂದು ಅಂಗಡಿಗಳಲ್ಲಿ ಮಾರಾಟವಾಗುವ ಸೀಸೆಗಳಿಗೆ ಈ ಮಾತು ಮೊದಲು ತಗಲುತ್ತದೆ ಎಂಬುದನ್ನು ಅವರೂ ಒಪ್ಪಬೇಕು. ಅಲ್ಲದೆ ವೈದ್ಯರು ತಮಗೆ ತೋಚಿದ ಔಷಧವನ್ನೇ ಬರೆದುಕೊಟ್ಟು, ಔಷಧ ಕಟ್ಟಿಕೊಡುವವನು ಮಾತ್ರ ಗುಟ್ಟಾಗಿ ಅರ್ಧ ನಾಯಿಗಳಿಗೆ ಬರಿಯ ಸಕ್ಕರೆ ಕೊಡುವಂತೆ ಪರೀಕ್ಷೆ ನಡೆಸಲು ಅಡ್ಡಿಯೇನಿಲ್ಲ. ಸಂದೇಹ ಪರಿಹಾರವಾಗಬೇಕಾದರೆ ಅಂಥ ಪರೀಕ್ಷೆಯನ್ನು ಮುಂದಾಗಿ ಕೋರಬೇಕಾದವರು ಆ ಪದ್ಧತಿಯವರೇ. ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 2017ರ ನವೆಂಬರಿನಲ್ಲಿ, ಹೋಮಿಯೋಪತಿಗೆ ಮಾನ್ಯವಾದ ಪುರಾವೆಯ ಆಧಾರವಿಲ್ಲವೆಂದೂ, ಪುರಾವೆಯುಳ್ಳ ಚಿಕಿತ್ಸೆಯ ಜೊತೆಗಲ್ಲದೆ ಅದಕ್ಕೆ ಬದಲಾಗಿ ಇದನ್ನು ಕೊಡಲಾಗದೆಂದೂ ಸ್ಪಷ್ಟವಾಗಿ ಹೇಳಿತು.

ಬದಲಾಗಿ ಎಂಬ ಈ ಮಾತಿನಲ್ಲಿಯೇ ಎಲ್ಲ ಅಪಾಯ ಅಡಗಿದೆ. ಸಕ್ಕರೆ ಗುಳಿಗೆಯಿಂದ ನಾಯಿಗೆ ಕೆಡುಕಾಗದು. ಗುಳಿಗೆ ನಂಬಿ ಕಳೆದ ದಿನಗಳಿಂದ ಆಗಬಹುದು. ನಾಯಿಯ 'ಸ್ವಭಾವ ಕೆಟ್ಟಿತು' ಎಂದು ಜನ ಹೇಳುವಾಗ ಎಷ್ಟೋ ಸಲ ಕೆಟ್ಟಿರುವುದು ಸ್ವಭಾವವಲ್ಲ, ಸೊಂಟ ಅಥವಾ ಕಿವಿ ಅಥವಾ ಹಲ್ಲು. ಮುದಿನಾಯಿ ಮೈ ಮುಟ್ಟಿದೊಡನೆ ಗುರ್ ಎನ್ನುವುದು ಸಂಧಿಯ ನೋವಿನಿಂದಿರಬಹುದು. ಅದೇ ಲಿಂಕನ್ ವಿಶ್ವವಿದ್ಯಾಲಯದ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಬರೆದಂತೆ, ವರ್ತನೆಯ ದೋಷವೆಂದು ತಜ್ಞರ ಬಳಿಗೆ ಬರುವ ಪ್ರಾಣಿಗಳಲ್ಲಿ ಕಡಿಮೆಯೆಂದರೂ ಮೂರರಲ್ಲೊಂದು ಪಾಲಿಗೆ ಯಾವುದೋ ನೋವು ಸೇರಿಕೊಂಡಿರುತ್ತದೆ. ಸದ್ದಿನ ಭಯಕ್ಕೂ ನೋವಿಗೂ ನಂಟಿದೆ. 2018ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ, ಕೀಲು ಸ್ನಾಯುಗಳ ನೋವಿದ್ದ ನಾಯಿಗಳಿಗೆ ಸದ್ದಿನ ಭಯ ಇತರ ಅಂಜುಬುರುಕ ನಾಯಿಗಳಿಗಿಂತ ಸುಮಾರು ನಾಲ್ಕು ವರ್ಷ ತಡವಾಗಿ ಹುಟ್ಟಿದ್ದು ಕಂಡುಬಂತು. ಸದ್ದಿಗೆ ಬೆಚ್ಚಿದಾಗ ಮೈ ಬಿಗಿಯುತ್ತದೆ, ನೋಯುತ್ತಿರುವ ಕೀಲು ಇನ್ನಷ್ಟು ನೋಯುತ್ತದೆ, ನಾಯಿ ನೋವನ್ನು ಸದ್ದಿನ ಲೆಕ್ಕಕ್ಕೆ ಬರೆಯುತ್ತದೆ ಎಂದು ಅವರ ಊಹೆ. ಆರೇಳು ವರ್ಷ ಪಟಾಕಿಗೆ ಕ್ಯಾರೇ ಎನ್ನದಿದ್ದ ನಾಯಿ ಈ ವರ್ಷ ಹೆದರತೊಡಗಿದರೆ, ಮೊದಲು ಮುಟ್ಟಿ ನೋಡಬೇಕಾದುದು ಅದರ ಕಾಲುಗಳನ್ನು.

ಇದಕ್ಕಿಂತ ಭೀಕರವಾದುದು ರೇಬೀಸ್. ಅದರ ಮೊದಲ ಲಕ್ಷಣ ನೊರೆಯೂ ಅಲ್ಲ, ನೀರಿನ ಭಯವೂ ಅಲ್ಲ, ವರ್ತನೆಯ ಬದಲಾವಣೆ. ಸೌಮ್ಯವಾದ ನಾಯಿ ಸಿಡುಕುತ್ತದೆ, ದೂರ ಸರಿಯುತ್ತಿದ್ದುದು ಬಂದು ಮೈಮೇಲೆ ಬೀಳುತ್ತದೆ, ಬೆಳಕಿಗೂ ಸದ್ದಿಗೂ ಬೆದರಿ ಮೂಲೆ ಸೇರುತ್ತದೆ. ಹೋಮಿಯೋಪತಿಯ ಲಕ್ಷಣ ಪಟ್ಟಿಗಳಲ್ಲಿ ಇವಕ್ಕೆಲ್ಲ ಒಂದೊಂದು ಔಷಧ ಸಿಕ್ಕೇ ಸಿಗುತ್ತದೆ. ಹುಚ್ಚುನಾಯಿಯ ಜೊಲ್ಲಿನಿಂದಲೇ ಸಿದ್ಧಪಡಿಸಿದ ಲಿಸ್ಸಿನ್ ಎಂಬ ಔಷಧವೂ ಆ ಪಟ್ಟಿಯಲ್ಲಿದೆ. ಕಾನ್‌ಸ್ಟಂಟೈನ್ ಹೇರಿಂಗ್ ಎಂಬ ವೈದ್ಯ ಅದನ್ನು ಬಳಕೆಗೆ ತಂದದ್ದು 1833ರಲ್ಲಿ, ಪಾಶ್ಚರ್ ಮಹಾಶಯನ ಲಸಿಕೆಗಿಂತ ಅರ್ಧ ಶತಮಾನ ಮೊದಲು. (ನಾಯಿಯಂತೆ ಗುರುಗುಟ್ಟುತ್ತಿದ್ದ 4 ವರ್ಷದ ಬಾಲಕನೊಬ್ಬನಿಗೆ ಕೆನಡಾದಲ್ಲಿ ಇದೇ ಔಷಧ ಕೊಟ್ಟ ಸಂಗತಿ 2018ರಲ್ಲಿ ಹೊರಬಿದ್ದು, ಅಲ್ಲಿಯ ಆರೋಗ್ಯಾಧಿಕಾರಿಗಳು ಕಳವಳಪಟ್ಟರು.) ಲಿಸ್ಸಿನ್ ಎಂಬುದು ಲಸಿಕೆಯಲ್ಲ, ಅದರಿಂದ ನಾಯಿಗೂ ರಕ್ಷಣೆಯಿಲ್ಲ, ಮನುಷ್ಯನಿಗೂ ಇಲ್ಲ. ಲಕ್ಷಣ ತೋರಿದ ಮೇಲೆ ರೇಬೀಸಿಗೆ ಯಾವ ಪದ್ಧತಿಯಲ್ಲಿಯೂ ಚಿಕಿತ್ಸೆಯಿಲ್ಲ. ಆದ್ದರಿಂದ ಲಸಿಕೆಯ ಚೀಟಿ ಸರಿಯಾಗಿಲ್ಲದ ನಾಯಿ ಒಮ್ಮೆಲೆ ಬೇರೆಯ ನಾಯಿಯಂತೆ ವರ್ತಿಸಿದರೆ, ಮನೆಯ ಮಕ್ಕಳನ್ನು ದೂರವಿಟ್ಟು, ಅಂದೇ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದರೆ ಅಥವಾ ಪರಚಿದ್ದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಲಸಿಕೆಗಾಗಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಬ್ಬದ ದಿನವೆಂದೋ ಮನೆಯ ನಾಯಿಯೇ ತಾನೆ ಎಂದೋ ಮುಂದೂಡುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹೋಮಿಯೋಪತಿ ವೈದ್ಯರಿಂದ ಕಲಿಯಬೇಕಾದ ಒಂದು ಗುಣವನ್ನು ಒಪ್ಪಿಕೊಳ್ಳದಿದ್ದರೆ ಅನ್ಯಾಯವಾದೀತು. ಅವರು ಕೂರಿಸಿ ಕೇಳುತ್ತಾರೆ. ನಾಯಿ ಎಲ್ಲಿ ಮಲಗುತ್ತದೆ, ಯಾರು ಅನ್ನ ಹಾಕುತ್ತಾರೆ, ಮೊದಲು ಹೆದರಿದ್ದು ಯಾವಾಗ, ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ ಎಂದು ಒಂದು ಗಂಟೆಯಾದರೂ ವಿಚಾರಿಸುತ್ತಾರೆ. ಸಾಲಿನಲ್ಲಿ ಹತ್ತು ಜನ ಕಾದಿರುವಾಗ ಸೂಜಿ ಚುಚ್ಚಿ ಕಳಿಸುವ ಪಶುವೈದ್ಯರಲ್ಲಿ ಈ ವ್ಯವಧಾನ ಅಪರೂಪ. ಮನೆಯವರು ಆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ನಾಯಿಯನ್ನು ಮೊದಲ ಬಾರಿಗೆ ಗಮನವಿಟ್ಟು ನೋಡುತ್ತಾರೆ, ಗದರಿಸುವುದನ್ನು ಬಿಡುತ್ತಾರೆ, ಹೊತ್ತಿಗೆ ಸರಿಯಾಗಿ ತಿರುಗಾಡಿಸುತ್ತಾರೆ. ನಾಯಿಗೆ ಅಷ್ಟಿಷ್ಟು ನಿಜವಾದ ಗುಣ ಕಂಡಿದ್ದರೆ ಅದು ಬಂದದ್ದು ಈ ದಾರಿಯಿಂದ ಇರಬಹುದು.

ನಿಜವಾದ ಚಿಕಿತ್ಸೆಯ ದಾರಿಯೂ ಬಹುಮಟ್ಟಿಗೆ ಅದೇ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಅವರು 1,225 ನಾಯಿಗಳ ಒಡೆಯರನ್ನು ವಿಚಾರಿಸಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆ ಈ ವಿಷಯದಲ್ಲಿ ಉಪಯುಕ್ತವಾಗಿದೆ. ಹೋಮಿಯೋಪತಿ, ಗಿಡಮೂಲಿಕೆ, ಹೂವಿನ ಸಾರ, ಸುಗಂಧ ತೈಲ ಮೊದಲಾದವುಗಳಿಂದ ಪ್ರಯೋಜನವಾಯಿತೆಂದವರು ಶೇಕಡಾ 27ರಿಂದ 35. ಹುಸಿ ಔಷಧದಿಂದ ನಿರೀಕ್ಷಿಸಬಹುದಾದುದಕ್ಕಿಂತ ಇದು ಹೆಚ್ಚಲ್ಲ. ಸದ್ದಾದೊಡನೆ ತಿಂಡಿ ಕೊಡುವ ಅಥವಾ ಆಟವಾಡಿಸುವ ಕ್ರಮ ಫಲಿಸಿತೆಂದವರು ಶೇಕಡಾ 70ಕ್ಕೂ ಹೆಚ್ಚು. ಮೈಮನಸ್ಸನ್ನು ಸಡಿಲಗೊಳಿಸುವ ತರಬೇತಿಗೆ ಶೇಕಡಾ 69, ಧ್ವನಿಮುದ್ರಣದಿಂದ ಅಭ್ಯಾಸ ಮಾಡಿಸುವುದಕ್ಕೆ ಶೇಕಡಾ 55, ವೈದ್ಯರು ಬರೆದುಕೊಟ್ಟ ಆಧುನಿಕ ಔಷಧಗಳಿಗೆ ಒಟ್ಟಾರೆ ಶೇಕಡಾ 69. ಇದೂ ಒಡೆಯರ ಕಣ್ಣಿನ ಲೆಕ್ಕವೇ ಹೌದು, ಆದರೆ ಒಂದೇ ಕಣ್ಣು ಎರಡನ್ನೂ ನೋಡಿದಾಗ ಕಂಡ ಅಂತರ ಸಣ್ಣದೇನಲ್ಲ.

ತಿಂಡಿಯ ಕ್ರಮ ಕೇಳಲು ಮಕ್ಕಳಾಟದಂತಿದೆ. ಒಂದೊಂದು ಸದ್ದಿನ ಹಿಂದೆಯೇ, ನಾಯಿ ಎಲ್ಲಿದ್ದರೂ, ಏನು ಮಾಡುತ್ತಿದ್ದರೂ, ಅದಕ್ಕೆ ಪರಮ ಪ್ರಿಯವಾದ ತುಣುಕೊಂದು ಬೀಳಬೇಕು. ಸದ್ದು ಮೊದಲು, ತಿಂಡಿ ಆಮೇಲೆ. ತಿರುವುಮುರುವಾದರೆ ತಿಂಡಿಯೇ ಅಪಶಕುನವಾಗುತ್ತದೆ. ಅಂಜಿದ ನಾಯಿಯನ್ನು ಮುದ್ದಿಸಿದರೆ ಅಂಜಿಕೆಗೆ ಬಹುಮಾನ ಕೊಟ್ಟಂತಾಗುವುದೆಂದು ಹಿಂದೆ ಹೇಳುತ್ತಿದ್ದರು. ಇದು ಈಗ ಬಿದ್ದುಹೋದ ಮತ. ಭಯವೆಂಬುದು ನಾಯಿ ಬೇಕೆಂದು ಮಾಡುವ ಹಠವಲ್ಲ. ಸಾಂತ್ವನದಿಂದ ಅದು ಹೆಚ್ಚುವುದಿಲ್ಲ. ಬಳಿಗೆ ಬಂದರೆ ಕೈಯಾಡಿಸಬಹುದು, ಮಂಚದ ಕೆಳಗೇ ಇರಬಯಸಿದರೆ ಅಲ್ಲಿಂದ ಎಳೆಯಬಾರದು. ಧ್ವನಿಮುದ್ರಣದ ಅಭ್ಯಾಸಕ್ಕೆ ಮಾತ್ರ ಕಾಲ ಬೇಕು. ನಾಯಿ ಕಿವಿ ನಿಮಿರಿಸಿದರೂ ಬೆದರದಷ್ಟು ಮೆಲ್ಲಗೆ ಪಟಾಕಿಯ ಸದ್ದು ಹಾಕಿ, ಪ್ರತಿ ಸಲ ತಿಂಡಿ ಕೊಟ್ಟು, ವಾರಗಟ್ಟಲೆ ಇಷ್ಟಿಷ್ಟೇ ಏರಿಸುತ್ತ ಹೋಗಬೇಕು. ಒಂದು ದಿನ ಅವಸರಪಟ್ಟು ಜೋರಾಗಿ ಹಾಕಿದರೆ ತಿಂಗಳ ದುಡಿಮೆ ನೀರುಪಾಲು. ಗಣೇಶ ಚೌತಿಯಲ್ಲೂ ಸಿಡಿಮದ್ದು ಹಾರುವ ಮುಂಬಯಿ ಪುಣೆಗಳಲ್ಲಿ ಮಳೆಗಾಲದ ಆರಂಭದಲ್ಲೇ ಇದನ್ನು ತೊಡಗಬೇಕಾಗುತ್ತದೆ.

ತಿಂಡಿಯನ್ನೂ ಮೂಸದಷ್ಟು ಹೆದರುವ ನಾಯಿಗೆ ಔಷಧ ಬೇಕು, ಅದರಲ್ಲಿ ಸಂಕೋಚಪಡುವಂಥದೇನಿಲ್ಲ. ಅದೇ ಸಮೀಕ್ಷೆಯಲ್ಲಿ ಆಲ್ಪ್ರಜೋಲಾಮ್ ಕೊಟ್ಟವರಲ್ಲಿ ಶೇಕಡಾ 91 ಮಂದಿ ಗುಣ ಹೇಳಿದ್ದಾರೆ. ಸದ್ದಿನ ಭಯಕ್ಕೆಂದೇ ವಸಡಿಗೆ ಹಚ್ಚುವ ಡೆಕ್ಸ್‌ಮೆಡೆಟೊಮಿಡಿನ್ ಲೇಪಕ್ಕೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ದೊರೆಯಿತು. ಮನೆಯವರು ಹೊರಟೊಡನೆ ಬಾಗಿಲು ಕೆರೆದು, ಊಳಿಟ್ಟು, ಇಡೀ ಸೊಸೈಟಿಯ ದೂರಿಗೆ ಕಾರಣವಾಗುವ ನಾಯಿಗಳ ಒಂಟಿತನದ ಕಳವಳಕ್ಕೆ ಅಲ್ಲಿಯೇ 1998ರಲ್ಲಿ ಕ್ಲೋಮಿಪ್ರಮಿನ್, 2007ರಲ್ಲಿ ಫ್ಲುಆಕ್ಸೆಟಿನ್ ಮಾನ್ಯವಾದವು. ಅವು ತರಬೇತಿಯ ಜೊತೆಗೆ ನಡೆಯಬೇಕಾದ, ವಾರಗಳ ಮೇಲೆ ಫಲ ತೋರುವ ಔಷಧಗಳು. ಇವೆಲ್ಲ ಪಶುವೈದ್ಯರು ನಾಯಿಯನ್ನು ನೋಡಿ, ತೂಕ ಹಾಕಿ, ಪ್ರಮಾಣ ಗೊತ್ತುಮಾಡಿ ಬರೆಯಬೇಕಾದುವು. ಮನುಷ್ಯರಿಗೆ ತಂದ ನಿದ್ರೆಗುಳಿಗೆಯನ್ನು ಅರ್ಧ ಮಾಡಿ ಹಾಕುವುದು ಪ್ರಾಣಕ್ಕೇ ಎರವಾದೀತು. ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಅಸಿಪ್ರೊಮಜಿನ್ ಎಂಬ ಔಷಧವನ್ನು ಈಗಿನ ತಜ್ಞರು ಪಟಾಕಿ ಭಯಕ್ಕೆ ಬರೆಯಲೊಲ್ಲರು. ಅದರಿಂದ ಕಾಲು ಸೋಲುತ್ತದೆ, ಭಯ ಸೋಲುವುದಿಲ್ಲ. ಓಡಲಾಗದೆ ಬಿದ್ದ ನಾಯಿ ಒಳಗೆ ಅದೇ ಭಯವನ್ನು ಅನುಭವಿಸುತ್ತಿರುತ್ತದೆ, ನೋಡುವವರಿಗೆ ಮಾತ್ರ ಅದು ಶಾಂತವಾಗಿ ಕಾಣುತ್ತದೆ.

ಹಬ್ಬದ ದಿನಗಳ ಸಿದ್ಧತೆ ಕಷ್ಟದ್ದಲ್ಲ. ಬೆಳಕಿರುವಾಗಲೇ ನಾಯಿಯನ್ನು ತಿರುಗಾಡಿಸಿ ತಂದು, ಹೊಟ್ಟೆ ತುಂಬ ಉಣ್ಣಿಸಬೇಕು. ಒಳಗಿನ ಕೋಣೆಯೊಂದರ ಕಿಟಕಿ ಮುಚ್ಚಿ, ಪರದೆ ಎಳೆದು, ಮಂಚದ ಕೆಳಗೆ ಹಳೆಯ ಹೊದಿಕೆ ಹಾಸಿ, ರೇಡಿಯೋ ಹಚ್ಚಿಟ್ಟರೆ ಅದೇ ಅದರ ಗುಹೆ. ವೈದ್ಯರು ಕೊಟ್ಟ ಔಷಧವಿದ್ದರೆ ಮೊದಲ ಸದ್ದಿಗಿಂತ ಮುಂಚೆಯೇ ಕೊಡಬೇಕು. ನಡುಕ ಹತ್ತಿದ ಮೇಲೆ ಕೊಟ್ಟರೆ ಅರ್ಧ ಫಲವೂ ಇಲ್ಲ. ಹೋಮಿಯೋಪತಿಯಲ್ಲಿ ಶ್ರದ್ಧೆಯುಳ್ಳವರು ನಾಲ್ಕು ಗುಳಿಗೆಯನ್ನೂ ಕೊಟ್ಟುಕೊಳ್ಳಲಿ, ಮೇಲೆ ಹೇಳಿದ ಒಂದನ್ನೂ ಬಿಡದಿದ್ದರೆ ಸಾಕು. ಅತಿಥಿಗಳು ಬಂದು ಹೋಗುವ ಮನೆಯಲ್ಲಿ ಬಾಗಿಲು ತೆರೆದಾಗ ಹೆದರಿದ ನಾಯಿ ನುಸುಳಿ ಮೆಟ್ಟಿಲಿಳಿದು ಓಡುವುದುಂಟು. ಕೊರಳಪಟ್ಟಿಯ ಬಿಲ್ಲೆಯ ಮೇಲೆ ಮನೆಯ ಟೆಲಿಫೋನ್ ಸಂಖ್ಯೆ ಅಳಿಸದೆ ಉಳಿದಿದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಬೇಕು.